ಮತ್ತೆ ಅವನ ಕಡೆಗೇ ಚೆಂಡು

1985ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಒಬ್ಬ ಹುಡುಗನ ಕೈಯಿಂದ ಚೆಂಡು ಜಾರಿ ಬೀಳುತ್ತಿತ್ತು. ಕಷ್ಟದ ಚೆಂಡುಗಳಲ್ಲ. ಎದೆಯ ಮೇಲೆ ಬಂದದ್ದು, ಅಂಗೈಗೆ ಬಂದು ತಾಗಿದ್ದು, ಸುತ್ತ ಹತ್ತು ಹೆಜ್ಜೆ ಯಾರೂ ಇಲ್ಲದಾಗ ಬಂದದ್ದು. ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಹೇಳುತ್ತೇನೆ. ಬೆಂಕಿಗೆ ಇನ್ನೊಂದು ಕೊರಡು ಹಾಕಿ, ಕಥೆ ಸ್ವಲ್ಪ ಉದ್ದವಿದೆ.

ಆ ಹುಡುಗನ ಹೆಸರು ಜೆರ್ರಿ ರೈಸ್. ಈಗ ಅಮೆರಿಕದ ಫುಟ್‌ಬಾಲ್ ಗೊತ್ತಿರುವ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ: 1549 ಕ್ಯಾಚ್, ಅವುಗಳಿಂದ ಗಳಿಸಿದ್ದು 22,895 ಗಜ. ಗಜದ ಲೆಕ್ಕದಲ್ಲಿ ಅವನ ಹತ್ತಿರ ಹತ್ತಿರಕ್ಕೂ ಇನ್ನೊಬ್ಬ ರಿಸೀವರ್, ಎಂದರೆ ಎಸೆದ ಚೆಂಡು ಹಿಡಿಯುವವನು, ಬಂದಿಲ್ಲ. ಆದರೆ ಆ ಅಂಕಿಗಳಿಂದಲೇ ಅವನನ್ನು ಬಲ್ಲವರಿಗೆ ಆ ಮೊದಲ ಮೂರು ತಿಂಗಳು ಗೊತ್ತಿಲ್ಲ. ನನಗೆ ಆ ಮೂರು ತಿಂಗಳೇ ಹೆಚ್ಚು ನೆನಪು.

ಆಗ ನಾನು ಸಾಂತಾ ಕ್ಲಾರಾದಲ್ಲಿ ಒಂದು ಚಿಪ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬೆಂಗಳೂರಿನಿಂದ ಬಂದು ಬಹಳ ಕಾಲವಾಗಿರಲಿಲ್ಲ. ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನ ಜತೆ ಊಟಕ್ಕೆ ಕೂರುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಫೋರ್ಟಿನೈನರ್ಸ್ ತಂಡ ಕೇಜರ್ ಸ್ಟೇಡಿಯಮ್ಮಿನಲ್ಲಿ ಆಡುತ್ತಿದ್ದ ಕಾಲದಿಂದ ಅವರದು ಸೀಸನ್ ಟಿಕೆಟ್ಟು, ಎಂದರೆ 1971ಕ್ಕೂ ಹಿಂದಿನಿಂದ. ಪಕ್ಕದ ಸೀಟು ಅವರ ಹೆಂಡತಿಯದು. ಕ್ಯಾಂಡಲ್‌ಸ್ಟಿಕ್ ಇದ್ದದ್ದು ಕೊಲ್ಲಿಯ ಅಂಚಿನಲ್ಲಿ. ಮಧ್ಯಾಹ್ನ ಕಳೆದರೆ ನೀರಿನ ಕಡೆಯಿಂದ ಎಂಥ ಗಾಳಿ ಬೀಸುತ್ತಿತ್ತೆಂದರೆ ಕೋಟಿನ ಮೇಲೆ ಕೋಟು ಹಾಕಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಆ ಚಳಿ ಆ ತಾಯಿಗೆ ಆಗಿಬರುತ್ತಿರಲಿಲ್ಲ. ಹಾಗಾಗಿ ಆ ವರ್ಷ ಅವರ ಜಾಗ ನನಗೆ ಸಿಕ್ಕಿತು, ಜತೆಗೆ ಆಟದ ಪಾಠವೂ ಸಿಕ್ಕಿತು.

ಆಗಿನ ಫೋರ್ಟಿನೈನರ್ಸ್ ಎಂದರೆ ಸಾಮಾನ್ಯ ತಂಡವಲ್ಲ. ಹಿಂದಿನ ಸೀಸನ್‌ನಲ್ಲಿ ಹದಿನಾರು ಆಟದಲ್ಲಿ ಹದಿನೈದು ಗೆದ್ದು, 1985ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ಮೈದಾನದಲ್ಲಿ ಮಯಾಮಿಯನ್ನು 38–16ರಿಂದ ಸೋಲಿಸಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತ್ತು. ಕೋಚ್ ಬಿಲ್ ವಾಲ್ಶ್, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ. ಇಷ್ಟು ಗೆದ್ದವರಿಗೆ ಹೊಸ ಹುಡುಗ ಯಾಕೆ ಬೇಕಿತ್ತು ಎಂದು ನಾನು ಕೇಳಿದ್ದೆ. ಅದರ ಹಿಂದೆ ಒಂದು ಹೋಟೆಲ್ ಕೋಣೆಯ ಕಥೆಯಿದೆ. 1984ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಆಟ. ಹಿಂದಿನ ರಾತ್ರಿ ವಾಲ್ಶ್ ಕೋಣೆಯಲ್ಲಿ ಟಿವಿ ಹಾಕಿಕೊಂಡು ಕಾಲೇಜು ಆಟಗಳ ತುಣುಕು ನೋಡುತ್ತಿದ್ದರಂತೆ. ಮಿಸಿಸಿಪಿ ವ್ಯಾಲಿ ಸ್ಟೇಟ್ ಎಂಬ ಸಣ್ಣ ಕಾಲೇಜಿನ ಒಬ್ಬ ರಿಸೀವರ್ ಮತ್ತೆ ಮತ್ತೆ ಎಲ್ಲರನ್ನೂ ಹಿಂದೆ ಹಾಕಿ ಓಡುತ್ತಿದ್ದ. ಆ ಕ್ಷಣದಿಂದ ವಾಲ್ಶ್ ಅವನನ್ನು ಮರೆಯಲಿಲ್ಲ. ಬೇರೆಯವರಿಗೆ ಅವನ ಬಗ್ಗೆ ಅನುಮಾನಗಳಿದ್ದವು. ಗಡಿಯಾರ ಹಿಡಿದು ಓಡಿಸಿದಾಗ ಅವನು ಅಷ್ಟೇನೂ ವೇಗದವನಲ್ಲ, ಎದುರಿಸಿದ್ದು ಸಣ್ಣ ಕಾಲೇಜುಗಳನ್ನು. 1985ರ ಡ್ರಾಫ್ಟ್‌ನಲ್ಲಿ, ಎಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಅವನಿಗಿಂತ ಮೊದಲೇ ಇಬ್ಬರು ರಿಸೀವರ್‌ಗಳು, ಅಲ್ ಟೂನ್ ಮತ್ತು ಎಡ್ಡಿ ಬ್ರೌನ್, ಆಯ್ಕೆಯಾದರು. ವಾಲ್ಶ್ ಮಾತ್ರ ತಮ್ಮ ಮೊದಲ ಮೂರು ಸುತ್ತಿನ ಆಯ್ಕೆಯ ಹಕ್ಕುಗಳನ್ನು ನ್ಯೂ ಇಂಗ್ಲೆಂಡ್ ತಂಡಕ್ಕೆ ಕೊಟ್ಟು ಮೇಲಕ್ಕೆ ಹೋಗಿ, ಹದಿನಾರನೆಯವನಾಗಿ ಇವನನ್ನು ತಂದರು. ಇಷ್ಟು ಬೆಲೆ ತೆತ್ತು ತಂದ ಹುಡುಗ ಚೆಂಡು ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ?

ಅವನು ಬಂದದ್ದು ಮಿಸಿಸಿಪಿಯ ಕ್ರಾಫರ್ಡ್ ಎಂಬ ಹಳ್ಳಿಯ ಕಡೆಯಿಂದ. ಅಪ್ಪ ಗಾರೆ ಕೆಲಸದವರು. ಬೇಸಿಗೆಯಲ್ಲಿ ಗಂಡುಮಕ್ಕಳೆಲ್ಲ ಅಪ್ಪನ ಕೈಕೆಳಗೆ ದುಡಿಯಬೇಕು. ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಿಗೆ ಎಸೆದರೆ ಜೆರ್ರಿ ಸಾರುವೆಯ ಮೇಲೆ ನಿಂತು ಹಿಡಿಯುತ್ತಿದ್ದ. ಆ ಕೈಗೆ ಇಡೀ ಲೋಕದಲ್ಲಿ ಸಿಗದ ಚೆಂಡಿಲ್ಲ ಎಂದು ಕಾಲೇಜಿನಲ್ಲಿ ‘ವರ್ಲ್ಡ್’ ಎಂದೇ ಅವನನ್ನು ಕರೆದರು. ಅಲ್ಲಿನ ಕೋಚ್ ಆರ್ಚಿ ಕೂಲಿ ಆಟವನ್ನು ಉಸಿರು ಬಿಡದಂತೆ ಓಡಿಸುತ್ತಿದ್ದರು; ಕ್ವಾರ್ಟರ್‌ಬ್ಯಾಕ್ ವಿಲ್ಲಿ ಟಾಟನ್ ಎಸೆಯುವುದು, ಇವನು ಹಿಡಿಯುವುದು. 1984ರ ಒಂದೇ ಸೀಸನ್‌ನಲ್ಲಿ 27 ಟಚ್‌ಡೌನ್, ಎಂದರೆ ಗೋಲ್ ಗೆರೆ ದಾಟಿಸಿದ ಚೆಂಡು, ಹಿಡಿದಿದ್ದ. ಚೆಂಡು ಬಿಡುವುದು ಹೇಗೆಂಬುದೇ ಗೊತ್ತಿಲ್ಲದ ಹುಡುಗ ಅವನು. ಅಂಥವನ ಕೈಗೆ ಏನಾಯಿತು?

ಕೈಗೆ ಏನೂ ಆಗಿರಲಿಲ್ಲ. ಅದು ನನಗೆ ಅರ್ಥವಾಗಲು ಕಾಲ ಹಿಡಿಯಿತು, ನಿಮಗೆ ಈಗಲೇ ಹೇಳಿಬಿಡುತ್ತೇನೆ.

ವಾಲ್ಶ್ ಅವರ ಆಟ ಹೆಜ್ಜೆ ಎಣಿಸಿದ ಆಟ. ಕ್ವಾರ್ಟರ್‌ಬ್ಯಾಕ್ ಮೂರು ಹೆಜ್ಜೆ ಹಿಂದೆ ಸರಿದರೆ ರಿಸೀವರ್ ಇಷ್ಟು ಗಜ ಓಡಿ ತಿರುಗಬೇಕು, ಐದು ಹೆಜ್ಜೆಯಾದರೆ ಇಷ್ಟು, ಏಳಾದರೆ ಇಷ್ಟು. ರಿಸೀವರ್ ತಿರುಗಿ ನೋಡುವ ಮೊದಲೇ ಮೊಂಟಾನಾ ಕೈಯಿಂದ ಚೆಂಡು ಹೊರಟಿರುತ್ತದೆ. ಇಷ್ಟೇ ಆಗಿದ್ದರೆ ಕಲಿಯಬಹುದಿತ್ತು. ಎದುರಾಳಿ ನಿಂತ ರೀತಿ ಬದಲಾದರೆ ಓಡುತ್ತಿರುವಾಗಲೇ ದಾರಿಯನ್ನೂ ಬದಲಿಸಬೇಕು, ಮತ್ತು ಆ ಬದಲಾವಣೆ ಮೊಂಟಾನಾ ಮನಸ್ಸಿನಲ್ಲಿ ಅದೇ ಗಳಿಗೆಯಲ್ಲಿ ಆಗುವ ಬದಲಾವಣೆಯೇ ಆಗಿರಬೇಕು. ತಂಡದ ಆಟದ ದಪ್ಪ ಪುಸ್ತಕದ ತುಂಬ ಇಂಥವೇ. ಕಾಲೇಜಿನಲ್ಲಿ ಕಾಲು ಹೋದತ್ತ ಓಡಿದ ಹುಡುಗ ಇಲ್ಲಿ ಪ್ರತಿ ಹೆಜ್ಜೆಗೂ ಯೋಚಿಸಬೇಕಾಯಿತು. ಸರಿಯಾದ ಜಾಗದಲ್ಲಿದ್ದೇನೆಯೇ, ಆ ಕಾವಲುಗಾರ ಯಾವ ಕಡೆ ವಾಲುತ್ತಾನೆ, ಮೊಂಟಾನಾ ಇದನ್ನೇ ಎಣಿಸಿದ್ದಾನೆಯೇ? ಈ ಲೆಕ್ಕ ಮುಗಿಯುವ ಮೊದಲೇ ಚೆಂಡು ಮೈಮೇಲೆ ಬಂದುಬಿಡುತ್ತಿತ್ತು. ಹಿಡಿದೇ ಬಿಟ್ಟೆ ಎಂದುಕೊಂಡು ಓಡುವ ದಿಕ್ಕಿಗೆ ತಲೆ ತಿರುಗಿಸುತ್ತಿದ್ದ. ಕಣ್ಣು ಆ ಕಡೆ ಹೋದರೆ ಚೆಂಡು ಈ ಕಡೆ ಜಾರಿತು.

ಒಂದು ಭಾನುವಾರ ನಮ್ಮ ಸಾಲಿನ ನೇರಕ್ಕೆ, ಅಂಚಿನ ಗೆರೆಯ ಹತ್ತಿರವೇ, ಹಾಗೆ ಒಂದು ಚೆಂಡು ಬಿತ್ತು. ಹುಲ್ಲಿನ ಮೇಲೆ ಎರಡು ಪುಟ ನೆಗೆದು ಉರುಳಿತು. ಮೊದಲು ಒಂದು ನಿಟ್ಟುಸಿರು ಕೇಳಿಸಿತು, ಆಮೇಲೆ ಬೂ ಎನ್ನುವ ಕೂಗು. ಸಾವಿರಾರು ಜನ ಒಟ್ಟಿಗೆ ಕೂಗಿದರೆ ಅದು ಕಿವಿಗಲ್ಲ, ಎದೆಗೆ ಕೇಳಿಸುತ್ತದೆ. ಸ್ವಂತ ಊರಿನ ಜನ, ಸ್ವಂತ ತಂಡದ ಬಣ್ಣ ತೊಟ್ಟ ಹುಡುಗನಿಗೆ. ಅವನು ತಲೆ ತಗ್ಗಿಸಿಕೊಂಡೇ ಗುಂಪಿಗೆ ಮರಳಿದ. ನನ್ನ ಪಕ್ಕದ ಹಿರಿಯರು ಮಾತ್ರ ಕೂಗಲಿಲ್ಲ. ಬೈನಾಕ್ಯುಲರ್ ನನ್ನ ಕೈಗಿತ್ತು, “ಮುಂದಿನ ಸಲ ಅವನ ಕೈ ನೋಡಬೇಡ, ಹೆಲ್ಮೆಟ್ ನೋಡು” ಎಂದರು. ನೋಡಿದೆ. ಚೆಂಡು ಬರುವುದಕ್ಕಿಂತ ಅರೆಗಳಿಗೆ ಮೊದಲೇ ಹೆಲ್ಮೆಟ್ ಹೊರಳುತ್ತಿತ್ತು. ಹಿಡಿಯುವ ವಿದ್ಯೆ ಮರೆತವನ ಗುರುತಲ್ಲ ಅದು, ಹೆದರಿದವನ ಗುರುತು.

ಈಗಲೂ ಶಾಲೆಗಳ ಮೈದಾನದ ಪಕ್ಕ ನಿಂತರೆ ಕೆಲವು ಕೋಚ್‌ಗಳು ಕೂಗುವುದು ಕೇಳಿಸುತ್ತದೆ: “ಚೆಂಡು ಹಿಡಿ!” ಆ ಮಾತಿನಲ್ಲಿ ಕಲಿಸುವುದು ಏನಿದೆ? ಹಿಡಿಯಬೇಕು ಎಂಬುದು ಆ ಮಗುವಿಗೆ ಗೊತ್ತಿಲ್ಲವೇ? ಎದೆಗಿಂತ ಮೇಲಿನ ಚೆಂಡಿಗೆ ಹೆಬ್ಬೆರಳುಗಳು ಕೂಡಬೇಕು, ಸೊಂಟದ ಕೆಳಗಿನದಕ್ಕೆ ಕಿರುಬೆರಳುಗಳು ಕೂಡಬೇಕು, ಅಂಗೈಯಲ್ಲಿ ಅಲ್ಲ ಬೆರಳ ತುದಿಯಲ್ಲಿ ಹಿಡಿಯಬೇಕು, ಕಂಕುಳಿಗೆ ಸೇರುವ ತನಕ ಕಣ್ಣು ಚೆಂಡಿನ ಮೇಲಿರಬೇಕು. ಹೀಗೆ ಹೇಳಿದರೆ ಅದು ಪಾಠ. ಬರೀ ಕೂಗಿದರೆ ಆ ಮಗುವಿನ ತಲೆಯಲ್ಲಿ ಮೊದಲೇ ತುಂಬಿರುವ ಗದ್ದಲಕ್ಕೆ ಇನ್ನೊಂದು ಸದ್ದು ಸೇರುತ್ತದೆ, ಅಷ್ಟೇ.

ವಾಲ್ಶ್ ಏನು ಮಾಡಿದರು ಎನ್ನುವುದಕ್ಕಿಂತ ಏನು ಮಾಡಲಿಲ್ಲ ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಅವನನ್ನು ಬೆಂಚಿನ ಮೇಲೆ ಕೂರಿಸಿ ಮರೆಯಲಿಲ್ಲ. ಪತ್ರಿಕೆಯವರ ಮುಂದೆ ಬಿಟ್ಟುಕೊಡಲಿಲ್ಲ. ಆಟ ಶುರುವಾಗುವಾಗ ಹೆಚ್ಚಿನ ವಾರಗಳಲ್ಲಿ ಕಣಕ್ಕಿಳಿದವನು ಅವನಲ್ಲ, ನಿಜ. ಆದರೆ ಪ್ರತಿ ವಾರ ಒಳಗೆ ಕಳಿಸುತ್ತಿದ್ದರು, ಕಳಿಸಿದ ಮೇಲೆ ಅವನ ಕಡೆಗೇ ಚೆಂಡು ಎಸೆಯಲು ಹೇಳುತ್ತಿದ್ದರು. ಬಿಟ್ಟ ಚೆಂಡಿನ ಬೆನ್ನಿಗೇ ಇನ್ನೊಂದು ಚೆಂಡು. ಆಟಗಾರನಿಗೆ ಕೋಚ್ ಆಡುವ ಮಾತುಗಳಲ್ಲೆಲ್ಲ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ಬಾಯಲ್ಲಿ “ನಿನ್ನ ಮೇಲೆ ನಂಬಿಕೆಯಿದೆ” ಎನ್ನಲು ಏನೂ ಖರ್ಚಿಲ್ಲ. ಆಟ ಬಿಗಿಯಾಗಿರುವಾಗ, ಅರವತ್ತು ಸಾವಿರ ಜನ ಬೇಡ ಬೇಡ ಎನ್ನುತ್ತಿರುವಾಗ, ಮತ್ತೆ ಅವನ ಕಡೆಗೇ ಎಸೆಯಲು ಹೇಳುವುದಕ್ಕೆ ಖರ್ಚಿದೆ.

ಆ ದಿನಗಳಲ್ಲಿ ನನಗೆ ನಮ್ಮ ಜಿ.ಆರ್. ವಿಶ್ವನಾಥ್ ನೆನಪಾಗುತ್ತಿದ್ದರು. 1969ರ ನವೆಂಬರ್, ಕಾನ್ಪುರ, ಆಸ್ಟ್ರೇಲಿಯ ಎದುರು ಮೊದಲ ಟೆಸ್ಟು, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಭದ್ರಾವತಿಯ ಹುಡುಗನ ಕಥೆ ಮುಗಿಯಿತು ಎಂದುಕೊಂಡವರಿದ್ದರು. ಕ್ಯಾಪ್ಟನ್ ಪಟೌಡಿ ಚಿಂತೆ ಮಾಡಬೇಡ, ಶತಕ ಹೊಡೆಯುತ್ತೀಯ ಎಂದು ಸಮಾಧಾನ ಹೇಳಿದ್ದನ್ನು ವಿಶ್ವನಾಥ್ ಅವರೇ ಎಷ್ಟೋ ಸಲ ನೆನೆದಿದ್ದಾರೆ. ಎರಡನೇ ಇನಿಂಗ್ಸ್‌ನಲ್ಲಿ 137. ಆದರೆ ವಿಶ್ವನಾಥ್ ಅವರಿಗೆ ಉತ್ತರ ಕೊಡುವ ಅವಕಾಶ ಅದೇ ಪಂದ್ಯದಲ್ಲಿ ಸಿಕ್ಕಿತು. ಈ ಹುಡುಗ ಆ ಸೊನ್ನೆಯನ್ನು ಹೊತ್ತುಕೊಂಡು ಮೂರು ತಿಂಗಳು ನಡೆಯಬೇಕಾಯಿತು.

ಹಾಗೆ ನಡೆಯುವಾಗ ಅವನ ಪಕ್ಕದಲ್ಲಿದ್ದವರು ಫ್ರೆಡ್ಡಿ ಸಾಲೊಮನ್. ಈ ಕಥೆಯಲ್ಲಿ ನಾನು ತುಂಬ ಗೌರವಿಸುವ ಮನುಷ್ಯ. ಟ್ಯಾಂಪಾ ವಿಶ್ವವಿದ್ಯಾಲಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, ವೃತ್ತಿಗೆ ಬಂದ ಮೇಲೆ ರಿಸೀವರ್ ಆದರು. 1978ರಿಂದ ಫೋರ್ಟಿನೈನರ್ಸ್‌ನಲ್ಲಿದ್ದರು. 1982ರ ಜನವರಿಯಲ್ಲಿ ಡಲ್ಲಸ್ ವಿರುದ್ಧ ಅದೇ ತಂಡದ ಡ್ವೈಟ್ ಕ್ಲಾರ್ಕ್ ಹಿಡಿದ ಚೆಂಡನ್ನು ‘ದಿ ಕ್ಯಾಚ್’ ಎಂದು ಇಂದಿಗೂ ಕೊಂಡಾಡುತ್ತಾರಲ್ಲ, ಆ ಚೆಂಡು ಮೊದಲು ಹೋಗಬೇಕಾಗಿದ್ದದ್ದು ಸಾಲೊಮನ್ ಅವರಿಗೆ. ಅವರ ಕಾಲು ಜಾರಿತು. ಚೆಂಡು ಕ್ಲಾರ್ಕ್‌ಗೆ ಹೋಯಿತು, ಹೆಸರೂ ಅವನಿಗೆ ಹೋಯಿತು. ಒಂದು ಜಾರುವಿಕೆಯ ಬೆಲೆ ಏನೆಂದು ಆ ತಂಡದಲ್ಲಿ ಅವರಷ್ಟು ಬಲ್ಲವರು ಇರಲಿಲ್ಲ.

1985ರಲ್ಲಿ ಅವರಿಗೆ ಮೂವತ್ತೆರಡು. ಜೆರ್ರಿ ರೈಸ್ ಬಂದದ್ದೇ ಅವರ ಜಾಗಕ್ಕೆ. ಅದು ಅವರಿಗೆ ಗೊತ್ತಿತ್ತು, ರೈಸ್‌ಗೂ ಗೊತ್ತಿತ್ತು, ನಮ್ಮ ಸಾಲಿನಲ್ಲಿ ಕಡಲೆಕಾಯಿ ಮೆಲ್ಲುತ್ತಿದ್ದವರಿಗೆಲ್ಲ ಗೊತ್ತಿತ್ತು. ಹುಡುಗ ಎಷ್ಟು ಚೆಂಡು ಬಿಟ್ಟರೆ ಅಷ್ಟು ದಿನ ತಮ್ಮ ಜಾಗ ಭದ್ರ. ಸುಮ್ಮನಿದ್ದಿದ್ದರೂ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಅವರು ಆ ಹುಡುಗನನ್ನು ಜತೆಗಿಟ್ಟುಕೊಂಡು, ತಮಗೆ ಗೊತ್ತಿದ್ದದ್ದನ್ನು ಅವನಿಗೆ ದಾಟಿಸಿದರು. ರೈಸ್ ಮುಂದೆ ಇದನ್ನು ಬಹಿರಂಗವಾಗಿ ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ: ತನ್ನ ಜಾಗ ಕಿತ್ತುಕೊಳ್ಳಲು ಬಂದವನಿಗೆ ಆ ಮನುಷ್ಯ ಕಲಿಸಿದರು ಎಂದು. ಆಟಕ್ಕೆ ಮುಂಚೆ ಕಸರತ್ತು ಮಾಡುವಾಗ ಇಬ್ಬರೂ ಅಕ್ಕಪಕ್ಕ ಇರುವುದನ್ನು ನಾನು ಮೇಲಿನ ಸಾಲಿನಿಂದ ನೋಡುತ್ತಿದ್ದೆ. ಸಾಲೊಮನ್ ಕೈ ಎತ್ತಿ ಏನೋ ತೋರಿಸುತ್ತಿದ್ದರು, ಹುಡುಗ ತಲೆಯಾಡಿಸುತ್ತಿದ್ದ. ಮಾತು ಕೇಳಿಸುವಷ್ಟು ಹತ್ತಿರ ನಾನಿರಲಿಲ್ಲ. ಆದರೆ ಹುಡುಗ ಕೇಳಿಸಿಕೊಳ್ಳುತ್ತಿದ್ದಾನೆ ಎನ್ನುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು.

ಹೌದು, ಹುಡುಗನ ಪಾಲನ್ನೂ ಹೇಳಬೇಕು. ಕಲಿಸುವವರು ಎಷ್ಟೇ ದೊಡ್ಡವರಿರಲಿ, ಕಲಿಯುವವನು ಮುಖ ಮುರಿದುಕೊಂಡರೆ ಮುಗಿಯಿತು. ಕಾಲೇಜಿನಲ್ಲಿ ಲೋಕವೇ ತಾನೆನಿಸಿಕೊಂಡು ಬಂದವನಿಗೆ, ನಿನಗೆ ಕಣ್ಣು ಎಲ್ಲಿಡಬೇಕೆಂದು ತಿಳಿದಿಲ್ಲ ಎಂದು ಯಾರಾದರೂ ಹೇಳಿದರೆ ಸಿಟ್ಟು ಬರುವುದು ಸಹಜ. ಇವನು ಸಿಟ್ಟಾಗಲಿಲ್ಲ, ಮೊಂಟಾನಾ ಎಸೆತವನ್ನೂ ಗಾಳಿಯನ್ನೂ ದೂರಲಿಲ್ಲ. ಆಟ ಕಲಿಯುವುದನ್ನೇ ಕೆಲಸ ಮಾಡಿಕೊಂಡ. ಅಭ್ಯಾಸದಲ್ಲಿ ಐದು ಗಜದ ಪುಟ್ಟ ಚೆಂಡು ಹಿಡಿದರೂ ಅಲ್ಲಿಗೇ ನಿಲ್ಲದೆ ಗೋಲ್ ಗೆರೆ ದಾಟುವ ತನಕ ಓಡುವುದು ಅವನ ಪದ್ಧತಿಯಾಯಿತು. 2010ರಲ್ಲಿ ಹಾಲ್ ಆಫ್ ಫೇಮ್ ಸೇರುವಾಗ ಅವನು ಮಾಡಿದ ಭಾಷಣವನ್ನು ನಾನು ಟಿವಿಯಲ್ಲಿ ಕೇಳಿದೆ. ಸೋಲಿನ ಭಯವೇ ತನ್ನನ್ನು ಇಡೀ ಜೀವಮಾನ ಓಡಿಸಿತು ಎಂದು ಅಲ್ಲಿ ಒಪ್ಪಿಕೊಂಡ. ಹಾಗಾದರೆ ಭಯ ಅವನನ್ನು ಬಿಟ್ಟು ಹೋಗಲೇ ಇಲ್ಲ. 1985ರಲ್ಲಿ ಅವನ ತಲೆ ತಿರುಗಿಸುತ್ತಿದ್ದ ಭಯವನ್ನೇ ಅವನು ಕಾಲಿಗೆ ಇಳಿಸಿಕೊಂಡ ಎಂದು ನಾನು ತಿಳಿದಿದ್ದೇನೆ.

ಈಗ 1985ರ ಡಿಸೆಂಬರ್ 9ಕ್ಕೆ ಬರುತ್ತೇನೆ. ಸೋಮವಾರ ರಾತ್ರಿಯ ಆಟ. ಆಗ ಸೋಮವಾರ ರಾತ್ರಿ ಎಂದರೆ ಲೀಗಿನಲ್ಲಿ ಆ ಹೊತ್ತಿಗೆ ಬೇರೆ ಆಟವಿರುತ್ತಿರಲಿಲ್ಲ, ದೇಶವೆಲ್ಲ ಅದೊಂದನ್ನೇ ನೋಡುತ್ತಿತ್ತು. ಎದುರಾಳಿ ಲಾಸ್ ಏಂಜಲೀಸ್ ರ‍್ಯಾಮ್ಸ್, ನಮ್ಮದೇ ವಿಭಾಗದವರು, ಅಗ್ರಸ್ಥಾನಕ್ಕೆ ನಮ್ಮ ಪೈಪೋಟಿ ಅವರೊಂದಿಗೇ. ಕೆಲಸ ಮುಗಿಸಿ ಹಿರಿಯರ ಕಾರಿನಲ್ಲಿ 101 ಹೆದ್ದಾರಿ ಹಿಡಿದು ಹೊರಟೆವು. ಫ್ಲಾಸ್ಕಿನಲ್ಲಿ ಕಾಫಿ, ಮಡಿಲಲ್ಲಿ ಕಂಬಳಿ. ಇವತ್ತು ಅವನ ಕಡೆ ಎಸೆಯುತ್ತಾರಾ ಎಂದು ದಾರಿಯಲ್ಲಿ ಕೇಳಿದೆ. “ವಾಲ್ಶ್ ಎಸೆಯಿಸುತ್ತಾರೆ, ನೋಡುತ್ತಿರು” ಎಂದರು.

ಎಸೆಯಿಸಿದರು. ಮೊದಲನೆಯದು ಹಿಡಿದಾಗ ಚಪ್ಪಾಳೆಯಲ್ಲಿ ಅನುಮಾನವೇ ಹೆಚ್ಚಿತ್ತು. ಇನ್ನೊಂದು ಬಂತು, ಮತ್ತೊಂದು ಬಂತು. ನಾನು ಬೈನಾಕ್ಯುಲರ್ ಹಿಡಿದು ಹೆಲ್ಮೆಟ್ ನೋಡುತ್ತಿದ್ದೆ. ಅದು ಹೊರಳಲಿಲ್ಲ. ಚೆಂಡು ಬೆರಳಿಗೆ ತಾಗಿ, ಕೈಗೆ ಬಂದು, ಕಂಕುಳಿಗೆ ಸೇರುವ ತನಕ ಮುಖ ಚೆಂಡಿನ ಕಡೆಗೇ ಇತ್ತು, ಆಮೇಲೆ ತಿರುಗಿತು. ತಿರುಗಿದ ಮೇಲೆ ಏನು ಹೇಳಲಿ! ಗಡಿಯಾರ ಹಿಡಿದವರು ನಿಧಾನ ಎಂದಿದ್ದ ಆ ಕಾಲುಗಳನ್ನು ಬೆನ್ನಟ್ಟಿದವರು ಅಲ್ಲಲ್ಲೇ ಉಳಿದರು. ಅವತ್ತು ಅವನು ಯೋಚಿಸುತ್ತಿರಲಿಲ್ಲ. ಪುಸ್ತಕದ ಪುಟಗಳೆಲ್ಲ ಅಷ್ಟು ಹೊತ್ತಿಗೆ ಮೈಗೆ ಇಳಿದಿದ್ದವು, ತಲೆ ಖಾಲಿಯಾಗಿತ್ತು, ಕೈ ತನ್ನ ಹಳೆಯ ಕೆಲಸಕ್ಕೆ ಮರಳಿತ್ತು. ಒಂದು ಉದ್ದನೆಯ ಟಚ್‌ಡೌನ್ ಕೂಡ ಬಂತು. ಅಷ್ಟರಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಮೂರು ತಿಂಗಳಿಂದ ಬೂ ಎನ್ನುತ್ತಿದ್ದ ಒಬ್ಬಾತ ಕಂಬಳಿ ಎಸೆದು ನಿಂತುಕೊಂಡು ಅವನ ಹೆಸರು ಕೂಗುತ್ತಿದ್ದ, ಕಣ್ಣಲ್ಲಿ ನೀರು. ನನಗೆ ಆತನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಆ ಹುಡುಗ ಗೆಲ್ಲುವುದೇ ಬೇಕಿತ್ತು, ಕಾಯುವ ಶಕ್ತಿ ಇರಲಿಲ್ಲ.

ಆಟ ಮುಗಿದಾಗ ಲೆಕ್ಕ ಹತ್ತು ಕ್ಯಾಚ್, 241 ಗಜ. ಫೋರ್ಟಿನೈನರ್ಸ್ ಇತಿಹಾಸದಲ್ಲಿ ಒಂದೇ ಆಟದಲ್ಲಿ ಅದುವರೆಗೆ ಯಾರೂ ಅಷ್ಟು ಗಜ ಗಳಿಸಿರಲಿಲ್ಲ. ಆದರೆ ಕೇಳಿ, ನಾವು ಆ ಆಟ ಸೋತೆವು, 27–20. ವಿಭಾಗದ ಅಗ್ರಸ್ಥಾನವೂ ರ‍್ಯಾಮ್ಸ್‌ಗೇ ಹೋಯಿತು. ಸೋತ ಮೇಲೆ ಅಷ್ಟು ಸಂತೋಷದಿಂದ ಜನ ಮನೆಗೆ ಹೋದದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಕಾರು ನಿಲ್ಲಿಸಿದ್ದ ಮೈದಾನದಲ್ಲಿ ಅಪರಿಚಿತರು ಪರಸ್ಪರ ನಿಲ್ಲಿಸಿಕೊಂಡು ಒಂದೊಂದು ಕ್ಯಾಚನ್ನೂ ಕೈಯಾಡಿಸಿ ಆಡಿ ತೋರಿಸುತ್ತಿದ್ದರು.

ಆ ಸೀಸನ್ ಮುಗಿಯುವಾಗ ಅವನ ಹೆಸರಿನಲ್ಲಿ 49 ಕ್ಯಾಚ್, 927 ಗಜ. ಪ್ಲೇಆಫ್ ಎಂಬ ನಾಕೌಟ್ ಸುತ್ತಿನ ಮೊದಲ ಆಟದಲ್ಲೇ ನ್ಯೂಯಾರ್ಕ್ ಜೈಂಟ್ಸ್ ಎದುರು 17–3ರಿಂದ ಸೋತೆವು. ಅದರೊಂದಿಗೆ ಸಾಲೊಮನ್ ಅವರ ಆಟವೂ ಮುಗಿಯಿತು, ನಿವೃತ್ತರಾದರು. ಟ್ಯಾಂಪಾಕ್ಕೆ ಮರಳಿ ಅಲ್ಲಿನ ಶೆರಿಫ್ ಇಲಾಖೆಯಲ್ಲಿ ಸೇರಿ, ಬಡ ಕೇರಿಗಳ ಮಕ್ಕಳ ಜತೆ ವರ್ಷಾನುಗಟ್ಟಲೆ ಕೆಲಸ ಮಾಡಿದರು. 2012ರ ಫೆಬ್ರವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಬಿಟ್ಟುಕೊಟ್ಟ ಜಾಗದಲ್ಲಿ ಹುಡುಗ 1986ರಲ್ಲಿ 86 ಚೆಂಡು ಹಿಡಿದ, 1570 ಗಜ, 15 ಟಚ್‌ಡೌನ್.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖವಾಗಿ ಮುಗಿಯುತ್ತದೆ, ಆದರೆ ನಿಜ ಪೂರ್ತಿ ಆಗುವುದಿಲ್ಲ. 1987ರ ಜನವರಿ 4, ಪ್ಲೇಆಫ್, ಮತ್ತೆ ಅದೇ ಜೈಂಟ್ಸ್. ಆಟದ ಶುರುವಿನಲ್ಲೇ ರೈಸ್ ಚೆಂಡು ಹಿಡಿದು ಎಲ್ಲರನ್ನೂ ದಾಟಿದ. ಮುಂದೆ ಗೋಲ್ ಗೆರೆ ಬಿಟ್ಟರೆ ಏನೂ ಇಲ್ಲ. ಯಾರೂ ಮುಟ್ಟದೆ, ಓಡುತ್ತಿರುವಂತೆಯೇ, ಚೆಂಡು ಕೈಯಿಂದ ಜಾರಿತು. ಜೈಂಟ್ಸ್ ಎತ್ತಿಕೊಂಡರು. ಆ ದಿನ 49–3ರಿಂದ ಸೋತೆವು. ನಾವು ಆ ಹಿರಿಯರ ಮನೆಯಲ್ಲಿ ಟಿವಿ ನೋಡುತ್ತಿದ್ದೆವು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಮುಗಿಯಿತು, ಈ ಹುಡುಗ ಮತ್ತೆ ಆ ಮೂರು ತಿಂಗಳಿಗೇ ಜಾರಿ ಬೀಳುತ್ತಾನೆ ಎಂದೆ. ಹಿರಿಯರು ಇಲ್ಲವೆಂದು ತಲೆಯಾಡಿಸಿದರು. ಆಗ ಅವನಿಗೆ ತಾನು ಬಿಡುತ್ತೇನೋ ಎಂಬ ಭಯವಿತ್ತು, ಈಗ ಬಿಟ್ಟರೂ ತನ್ನ ಕಡೆಗೇ ಎಸೆಯುತ್ತಾರೆ ಎಂದು ಗೊತ್ತಿದೆ, ಎರಡೂ ಒಂದೇ ಅಲ್ಲ ಎಂದರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಸೀಸನ್ ಶುರುವಾಯಿತು. ಆಟಗಾರರ ಮುಷ್ಕರದಿಂದಾಗಿ ಅವನಿಗೆ ಆಡಲು ಸಿಕ್ಕಿದ್ದು ಹನ್ನೆರಡೇ ಆಟ. ಆ ಹನ್ನೆರಡರಲ್ಲಿ ಅವನು ಹಿಡಿದ ಟಚ್‌ಡೌನ್ 22.